ಸಂದರ್ಶನದಲ್ಲಿ ಸಂತೆ

ನಮ್ಮೂರಲ್ಲಿ ಎರವಲು ತಂದ ಮಾತು ಕೊಟ್ಟವರ ದನಿಯಲ್ಲೇ ಹೊರಬರುತ್ತದೆ. ನನ್ನನ್ನು ನೋಡಲು ಬಂದ ದಿನ ಮುಕುಂದ, 'ನಿಮ್ಮ ಕಣ್ಣಲ್ಲಿ ಏನೋ ಒಂದು ಬೆಳಕಿದೆ' ಎಂದಾಗ ಆ ಮಾತು ಸೈಕಲ್ ಅಂಗಡಿಯಲ್ಲಿರುವ ಅವನ ಗೆಳೆಯನ ದಪ್ಪ ದನಿಯಲ್ಲಿ ಬಂತು. ಮನೆಯವರೆಲ್ಲ ನಕ್ಕರು. ಮುಕುಂದನ ಕಿವಿ ಕೆಂಪಾಯಿತು. ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, 'ಚಕ್ಕುಲಿ ಚೆನ್ನಾಗಿದೆ' ಎಂದ. ಅದು ಅವನದೇ ದನಿ. ಆ ಚಕ್ಕುಲಿಯ ಮಾತನ್ನು ನಂಬಿ ನಾನು ಅವನನ್ನು ಮದುವೆಯಾದೆ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಅಭ್ಯಾಸವಾಗಿದೆ. ಪುರಸಭೆಯ ಅಧ್ಯಕ್ಷರು ಧ್ವಜ ಹಾರಿಸಿ ಭಾಷಣ ಮಾಡಿದರೆ ಅದು ಅವರ ಗುಮಾಸ್ತೆಯ ಕೀರಲು ದನಿಯಲ್ಲಿ ಕೇಳಿಸುತ್ತದೆ. ಜನ ಗುಮಾಸ್ತೆಯ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಾರೆ. ಹೊಸದಾಗಿ ಬಂದ ಡಾಕ್ಟರು ತಮ್ಮ ಮೇಷ್ಟರ ದನಿಯಲ್ಲಿ ಪಥ್ಯ ಹೇಳುತ್ತಾರೆ, ನಾಲ್ಕಾರು ರೋಗಿಗಳನ್ನು ನೋಡಿದ ಮೇಲೆ ನಿಧಾನವಾಗಿ ತಮ್ಮ ದನಿಗೆ ಬರುತ್ತಾರೆ. ಮಾತು ಅರ್ಥವಾಗಿ ಒಳಗೆ ಇಳಿದರೆ ಅದು ನಮ್ಮದಾಗುತ್ತದೆ. ಬರೀ ಬಾಯಿಪಾಠ ಮಾಡಿದರೆ ಆಗುವುದಿಲ್ಲ. ನಾನು ಮಗಳನ್ನು ಗದರಿಸುವಾಗೆಲ್ಲ ನಮ್ಮತ್ತೆ ಪದ್ದಮ್ಮನವರ ದನಿ ಬರುತ್ತಿತ್ತು. ಮಗಳು ನನ್ನನ್ನು ಬಿಟ್ಟು ನೇರ ಅಜ್ಜಿಯ ಹತ್ತಿರ ಓಡಿ, 'ನಾನೇನಜ್ಜಿ ಮಾಡ್ದೆ?' ಎಂದು ಅಳುತ್ತಿದ್ದಳು.

ಲೋಕದ ಜನರೆಲ್ಲ ಬರೆದದ್ದನ್ನು ಓದಿ ಮಾತು ಕಲಿತ ಎಐ ಬಂದಮೇಲೆ ಒಂದು ಹೊಸ ಫಜೀತಿ ಶುರುವಾಯಿತು. ಯಾರೋ ಹಿರಿಯರು ತೀರಿಕೊಂಡಿದ್ದರು. ಸಂತಾಪ ಸಭೆಯಲ್ಲಿ ಒಬ್ಬ ವಕೀಲರು ಫೋನಿನಲ್ಲಿ ಎಐ ಬರೆದುಕೊಟ್ಟದ್ದನ್ನು ಓದಲು ಬಾಯಿ ತೆರೆದರು. ಒಂದು ದನಿ ಬರಲಿಲ್ಲ. ಒಂದು ಸಂತೆಯೇ ಬಂತು. ಗಂಡಸರು, ಹೆಂಗಸರು, ಮುದುಕರು, ಕೆಮ್ಮುವವರು, ನಗುವವರು, ಹಿಂದೆ ಎಲ್ಲೋ ಒಂದು ಮಗು, ಎಲ್ಲರೂ ಒಟ್ಟಿಗೆ 'ಅಗಲಿದ ಮಹಾಚೇತನಕ್ಕೆ' ಎಂದರು. ತೀರಿಕೊಂಡವರ ಹೆಂಡತಿ, ಇಷ್ಟೊಂದು ಜನ ಬಂದರಾ ಎಂದು ಹಿಂತಿರುಗಿ ನೋಡಿದರು. ಅವತ್ತಿನಿಂದ ಊರಲ್ಲಿ ಯಾರ ಬಾಯಿಂದಲಾದರೂ ಅಂಥ ಗದ್ದಲ ಬಂದರೆ 'ಸಂತೆ ಬಂತು' ಎನ್ನುವುದು ರೂಢಿಯಾಯಿತು.

ಹೀಗಿರುವಾಗ ತೂಗುಬಂಡಿ ಕಂಪನಿ ಒಂದು ಕೆಲಸಕ್ಕೆ ಅರ್ಜಿ ಕರೆಯಿತು. ನಮ್ಮೂರಿನ ಅರ್ಧ ಗುಡ್ಡದ ಮೇಲೆ, ಅರ್ಧ ಕೆಳಪೇಟೆಯಲ್ಲಿ. ನಡುವೆ ಮೆಟ್ಟಿಲುಗಳಿವೆ, ಆದರೆ ಎಲ್ಲರೂ ಓಡಾಡುವುದು ಹಗ್ಗದ ಮೇಲೆ ತೂಗಾಡುವ ಬಂಡಿಗಳಲ್ಲಿ. ಆ ಬಂಡಿಗಳನ್ನು ಓಡಿಸುವ, ನಿಲ್ಲಿಸುವ ಕಂಪ್ಯೂಟರ್ ಪ್ರೋಗ್ರಾಂ ನೋಡಿಕೊಳ್ಳಲು ಒಬ್ಬರು ಎಂಜಿನಿಯರ್ ಬೇಕಾಗಿತ್ತು. ಮಗಳು ಹುಟ್ಟುವ ಮುಂಚೆ ನಾನು ಅಂಥದೇ ಕೆಲಸದಲ್ಲಿದ್ದೆ. ಅವಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಮನೆಯ ಗೋಡೆಗಳು ನನ್ನನ್ನೇ ದಿಟ್ಟಿಸುತ್ತಿವೆ ಅನ್ನಿಸತೊಡಗಿತ್ತು. ಯಾರಾದರೂ 'ನೀವೇನ್ ಮಾಡ್ಕೊಂಡಿದೀರಿ ಯಮುನಾ?' ಎಂದರೆ ನನಗೆ ಉತ್ತರವೇ ಬರುತ್ತಿರಲಿಲ್ಲ, ಯಾರ ದನಿಯಲ್ಲೂ. ಈ ಕೆಲಸ ನನಗೆ ಬೇಕೇಬೇಕಿತ್ತು.

ಕಂಪನಿ ತನ್ನ ನಿಯಮ ಸ್ಪಷ್ಟವಾಗಿ ಹೇಳಿತ್ತು. ತಯಾರಿಗೆ ಎಐ ಬಳಸಬಹುದು. ಬಾಯಿಮಾತಿನ ಪ್ರಶ್ನೆಗಳಿಗೆ ಕೂಡದು. ಕಂಪ್ಯೂಟರ್ ಮುಂದೆ ಕೂತು ಮಾಡುವ ಪರೀಕ್ಷೆಯಲ್ಲಿ ಬಳಸಬಹುದು, ಆದರೆ ಅದು ಏನು ಹೇಳಿತು, ನಾವು ಏನು ಒಪ್ಪಿದೆವು ಎಂಬುದನ್ನು ಬಾಯಿಬಿಟ್ಟು ಹೇಳಬೇಕು.

ನಾನೂ ಮೊದಲು ಸುಲಭದ ದಾರಿ ಹಿಡಿದೆ. ಬರಬಹುದಾದ ಪ್ರಶ್ನೆಗಳಿಗೆಲ್ಲ ಎಐ ಕೈಲಿ ಉತ್ತರ ಬರೆಸಿಕೊಂಡು, ಬಾಯಿಪಾಠ ಮಾಡಿ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಒಂದನ್ನು ಜೋರಾಗಿ ಹೇಳಿದೆ. ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ಮೊರ ಕೆಡವಿಕೊಂಡರು.

'ಯಾರೇ ಅದು, ಇಷ್ಟೊಂದ್ ಜನ ಅಡುಗೆಮನೆಗೆ ನುಗ್ಗಿದ್ದು!'

'ನಾನೇ ಅತ್ತೆ. ಇಂಟರ್‌ವ್ಯೂಗೆ ಓದ್ತಿದೀನಿ.'

'ಓದೋದಾದ್ರೆ ಓದು. ಹಿಂಗೆ ಊರನ್ನೆಲ್ಲ ಕರ್ಕೊಂಡ್ ಬಂದ್ರೆ ಸಾರು ಯಾರಿಗೆ ಸಾಲುತ್ತೆ?'

ಅವತ್ತಿಂದ ದಾರಿ ಬದಲಿಸಿದೆ. ಎಐಗೆ, 'ನೀನು ಉತ್ತರ ಹೇಳಬೇಡ. ನನ್ನನ್ನ ಪ್ರಶ್ನೆ ಕೇಳು. ತಪ್ಪಿದರೆ ಎಲ್ಲಿ ತಪ್ಪಿದೆ ಅಂತ ಮಾತ್ರ ಹೇಳು' ಎಂದೆ. ಅದು ಕೇಳಿತು. ನಾನು ಎಡವಿದೆ, ಬೈದುಕೊಂಡೆ, ಹಳೆಯ ಪುಸ್ತಕ ತೆಗೆದೆ, ಮತ್ತೆ ಹೇಳಿದೆ. ಹೇಳುತ್ತಿದ್ದುದು ಅತ್ತೆಗೆ. ಅವರಿಗೆ ಪ್ರೋಗ್ರಾಂ ಗೀಗ್ರಾಂ ಏನೂ ಬೇಕಿರಲಿಲ್ಲ. ಸೊಸೆ ತಪ್ಪುವುದನ್ನು ಹಿಡಿಯುವ ಅಧಿಕೃತ ಅವಕಾಶ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ನನ್ನ ಬಾಯಲ್ಲಿ ಗದ್ದಲದ ಒಂದು ಎಳೆ ಕೇಳಿಸಿದರೂ ಕೈಯೆತ್ತಿ 'ಸಂತೆ!' ಎಂದು ಕೂಗುತ್ತಿದ್ದರು. ಬರಬರುತ್ತ ಅವರ ಕಿವಿ ಎಷ್ಟು ಸೂಕ್ಷ್ಮವಾಯಿತೆಂದರೆ, 'ಈಗ ಅರ್ಧ ಸಂತೆ, ಅರ್ಧ ನೀನು' ಎಂದೋ, 'ಜನ ಎಲ್ಲಾ ಹೋದ್ರು, ಒಬ್ಬ ಮುದುಕ ಇನ್ನೂ ಕೂತಿದಾನೆ ನೋಡು' ಎಂದೋ ಹೇಳುತ್ತಿದ್ದರು. ಆ ಮುದುಕನನ್ನು ಓಡಿಸಲು ನನಗೆ ಇಡೀ ಒಂದು ಸಂಜೆ ಹಿಡಿಯಿತು.

ಒಂದು ದಿನ, ಹಗ್ಗದ ಬಿಗಿತ ಅಳೆಯುವ ಎರಡು ಸೆನ್ಸರ್‌ಗಳು ಬೇರೆ ಬೇರೆ ಲೆಕ್ಕ ಕೊಟ್ಟರೆ ಏನು ಮಾಡಬೇಕು ಎಂಬುದನ್ನು ಅವರಿಗೆ ವಿವರಿಸಲು ಒದ್ದಾಡುತ್ತಿದ್ದೆ. ಅತ್ತೆ ಬೇಸತ್ತು, 'ಅದಕ್ಯಾಕಿಷ್ಟು? ಒಬ್ರು ಹಾಲು ಉಕ್ತಿದೆ ಅಂತಾರೆ, ಇನ್ನೊಬ್ರು ಇಲ್ಲ ಅಂತಾರೆ. ಮೊದ್ಲು ಒಲೆ ಆರ್ಸು, ಆಮೇಲೆ ಯಾರು ಸುಳ್ಳು ಹೇಳಿದ್ದು ಅಂತ ವಿಚಾರ್ಸು' ಎಂದರು. ನಾನು ನಕ್ಕು ಮತ್ತೆ ಪುಸ್ತಕ ತೆಗೆದೆ.

ಸಂದರ್ಶನದ ದಿನ ಕಂಪನಿಯ ಕಚೇರಿಯಲ್ಲಿ ನನ್ನ ಪಕ್ಕ ಅನಿಕೇತ್ ಎಂಬ ಹುಡುಗ ಕೂತಿದ್ದ. ದೂರದ ಊರಿನವನು. ಬೆಳಗ್ಗೆಯಷ್ಟೇ ತೂಗುಬಂಡಿಯಲ್ಲಿ ಮೇಲೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕಿವಿ ಮುಚ್ಚುವಷ್ಟು ಉದ್ದ ಕೂದಲು. ಆಗಾಗ ಕಿವಿಯ ಹತ್ತಿರ ಕೈ ಹೋಗುತ್ತಿತ್ತು. ನಮ್ಮೂರಿನ ವಿಷಯ ಇವನಿಗೆ ಗೊತ್ತಿಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಅವನನ್ನು ಒಳಗೆ ಕರೆದರು. ಬಾಗಿಲು ಮುಚ್ಚಿತು. ಆಮೇಲೆ ಒಳಗಿಂದ ಮದುವೆ ಮನೆಯಲ್ಲಿ ಊಟಕ್ಕೆ ಎಲೆ ಹಾಕುವ ಮುಂಚಿನ ಗದ್ದಲದಂಥದ್ದು ಕೇಳಿಸಿತು. ನೂರಾರು ಜನ ಒಟ್ಟಿಗೆ, ಬಲು ವಿನಯದಿಂದ, 'ಇದನ್ನು ನಾವು ಮೂರು ಹಂತಗಳಲ್ಲಿ ನೋಡಬಹುದು' ಎನ್ನುತ್ತಿದ್ದರು. ನಡುವೆ ಯಾರೋ ಸೀನಿದರು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಜವಾನ ಬೋರಣ್ಣ ತಲೆಯೆತ್ತದೆ, 'ಇವ್ರೂ ಸಂತೆ ತಂದ್ರು' ಎಂದ.

ಅನಿಕೇತ್ ಹೊರಬಂದಾಗ ಮುಖ ಸುಣ್ಣದಂತಾಗಿತ್ತು. ಗಂಟಲು ಹಿಡಿದುಕೊಂಡು ನನ್ನ ಪಕ್ಕ ಕುಸಿದ. 'ಮೇಡಂ, ನನ್ನ ಗಂಟ್ಲಿಗೆ ಏನೋ ಆಗಿದೆ. ಡಾಕ್ಟ್ರು ಯಾರಾದ್ರೂ ಹತ್ರ ಇದಾರಾ?'

ನಾನು ನೀರಿನ ಬಾಟಲಿ ಕೊಟ್ಟೆ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದೆ. 'ಗಂಟ್ಲಿಗೇನೂ ಆಗಿಲ್ಲ. ಕಿವೀಲಿ ಇಟ್ಕೊಂಡಿದೀಯಲ್ಲ, ಅದನ್ನ ತೆಗಿ' ಎಂದು ಊರಿನ ವಿಷಯ ಹೇಳಿದೆ. ಅವನು ನಂಬಲಿಲ್ಲ. ಎಐ ಉತ್ತರವನ್ನು ಕಿವಿಯಲ್ಲಿ ಉಸುರುವ, ಅಕ್ಕಿಕಾಳಿನಷ್ಟಿದ್ದ ಆ ಸಾಧನವನ್ನು ತೆಗೆದು ಅಂಗೈಯಲ್ಲಿ ಹಿಡಿದು, ಅದು ಹೇಳಿಕೊಟ್ಟ ಒಂದು ವಾಕ್ಯ ಪಿಸುಗುಟ್ಟಿದ. ಅಂಗೈಯಗಲದ ಸಣ್ಣ ಸಂತೆಯೊಂದು ಪಿಸುಗುಟ್ಟಿತು. ಅವನ ಕಣ್ಣು ತುಂಬಿಬಂತು.

'ನಂಗೆ ವಿಷಯ ಗೊತ್ತು ಮೇಡಂ. ನಿಜವಾಗ್ಲೂ ಗೊತ್ತು. ಆದ್ರೆ ಎದುರಿಗೆ ಯಾರಾದ್ರೂ ಕೂತ್ರೆ ತೊದಲ್ತೀನಿ. ಎಲ್ಲಾ ಕಡೆ ಹಂಗೇ ಆಗಿದೆ.'

ಆ ಮಾತು ಅವನ ಸ್ವಂತ ದನಿಯಲ್ಲಿ ಬಂತು. ತೆಳು ದನಿ, ಪ್ರತಿ ವಾಕ್ಯದ ಶುರುವಿನಲ್ಲೂ ಒಂದು ಸಣ್ಣ ತಡೆ. ಅವನು ಎದ್ದು ಹೋಗಿದ್ದರೆ ನನ್ನ ದಾರಿ ಸಲೀಸಾಗುತ್ತಿತ್ತು, ಅದು ನನಗೆ ಗೊತ್ತಿತ್ತು. ಸಂದರ್ಶನಕ್ಕೆ ಬಂದವರಲ್ಲಿ ಉಳಿದಿದ್ದವರು ನಾವಿಬ್ಬರೇ. ಆದರೂ ಬಾಯಿ ಸುಮ್ಮನಿರಲಿಲ್ಲ. 'ಹೋಗ್ಬೇಡ. ಕೂತ್ಕೊ. ನಾನು ಹೊರಗೆ ಬಂದ್ಮೇಲೆ ಒಳಗೆ ಹೋಗಿ ನಡೆದಿದ್ದು ಹೇಳು, ಇನ್ನೊಂದು ಸಲ ಕೇಳು. ಹೆಚ್ಚೆಂದ್ರೆ ಇಲ್ಲ ಅಂತಾರೆ' ಎಂದೆ.

ಒಳಗೆ ಇಬ್ಬರಿದ್ದರು. ಮುಖ್ಯ ಎಂಜಿನಿಯರ್ ಶಿವಲೀಲಾ ಮೇಡಂ, ನರೆಗೂದಲನ್ನು ಬಿಗಿಯಾಗಿ ಗಂಟು ಹಾಕಿದ್ದರು, ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ಮ್ಯಾನೇಜರ್ ತಮ್ಮಣ್ಣಾಚಾರ್, ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಗತ್ತು. ಆಚಾರ್ ಅವರೇ ಶುರುಮಾಡಿದರು. ಎದುರಿನ ಹಾಳೆ ನೋಡಿ, ಗಂಟಲು ಸರಿಮಾಡಿಕೊಂಡು, 'ಎರಡು ಸೆನ್ಸರ್‌ಗಳ ಮಾಪನಗಳಲ್ಲಿ ವೈರುಧ್ಯ ಕಂಡುಬಂದಾಗ ದತ್ತಾಂಶದ ವಿಶ್ವಾಸಾರ್ಹತೆಯನ್ನು ಹೇಗೆ ಸ್ಥಾಪಿಸುವಿರಿ?' ಎಂದರು.

ಎಂದದ್ದು ಅವರಲ್ಲ. ಸಂತೆ. ಅನಿಕೇತನ ಸಂತೆಗಿಂತ ದೊಡ್ಡದು.

ನಾನು ಮೇಜಿನ ಅಂಚು ಹಿಡಿದುಕೊಂಡೆ. ನಕ್ಕರೆ ಕೆಲಸ ಹೋಗುತ್ತದೆ. ನಗದಿದ್ದರೆ ಪಕ್ಕೆ ಒಡೆಯುತ್ತದೆ. ಕಣ್ಣು ಕೆಳಗೆ ಮಾಡಿ, ಸಾಧ್ಯವಾದಷ್ಟು ಮುಗ್ಧವಾಗಿ, 'ಸರ್, ಪ್ರಶ್ನೆ ಪೂರ್ತಿ ಅರ್ಥ ಆಗ್ಲಿಲ್ಲ. ಸ್ವಲ್ಪ ಬಿಡ್ಸಿ ಹೇಳ್ತೀರಾ?' ಎಂದೆ.

ಆಚಾರ್ ಹಾಳೆಯಲ್ಲಿ ಮುಂದಿನ ಸಾಲು ಓದಿದರು. ಸಂತೆ ಇನ್ನೂ ಹಿಗ್ಗಿತು. ಹಿಂದೆ ಎಲ್ಲೋ ಒಂದು ಮಗು ರಚ್ಚೆ ಹಿಡಿಯಿತು.

ಶಿವಲೀಲಾ ಮೇಡಂ ಪೆನ್ನು ಕೆಳಗಿಟ್ಟರು. 'ಆಚಾರ್ ಅವ್ರೇ, ಪ್ರಶ್ನೆ ಎಲ್ಲಿಂದ ತಂದ್ರಿ?'

'ಎಲ್ರೂ ತರೋ ಕಡೆಯಿಂದ್ಲೇ ಮೇಡಂ' ಎಂದರು ಆಚಾರ್, ಈ ಸಲ ತಮ್ಮದೇ ದನಿಯಲ್ಲಿ, ಸ್ವಲ್ಪ ಸಣ್ಣಗೆ.

'ತಂದಿದ್ದು ತಪ್ಪಲ್ಲ. ಆದ್ರೆ ಓದಿ ಅರ್ಥ ಮಾಡ್ಕೊಂಡು ತರ್ಬೇಕಿತ್ತು. ನಿಯಮ ಅವ್ರಿಗೊಂದು ನಮಗೊಂದಾ?' ಮೇಡಂ ನನ್ನ ಕಡೆ ತಿರುಗಿದರು. 'ಅವ್ರು ಕೇಳ್ತಿರೋದು ಇಷ್ಟೇ. ಒಂದು ಸೆನ್ಸರ್ ಹಗ್ಗ ತೀರಾ ಬಿಗಿಯಾಗಿದೆ ಅನ್ನುತ್ತೆ, ಇನ್ನೊಂದು ಸರಿಯಾಗಿದೆ ಅನ್ನುತ್ತೆ. ನೀವೇನ್ ಮಾಡ್ತೀರಿ?'

ನನಗೆ ಗೊತ್ತಿದ್ದ ಪ್ರಶ್ನೆ. ಧೈರ್ಯವಾಗಿ ಬಾಯಿ ತೆರೆದೆ. 'ಮೊದ್ಲು ಒಲೆ ಆರ್ಸು, ಆಮೇಲೆ ಯಾರು ಸುಳ್ಳು ಹೇಳಿದ್ದು ಅಂತ ವಿಚಾರ್ಸು' ಎಂಬ ನಮ್ಮತ್ತೆಯ ದನಿ, ಸಿಡುಕಿನ ಸಮೇತ, ಕೋಣೆಯ ತುಂಬ ಮೊಳಗಿತು.

ಆಚಾರ್ ಕುರ್ಚಿಯಿಂದ ಅರ್ಧ ಎದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಚ್ಚಿಡಲು ಏನೂ ಉಳಿದಿರಲಿಲ್ಲ. 'ಕ್ಷಮಿಸಿ ಮೇಡಂ. ಅದು ನಮ್ಮತ್ತೆ ಮಾತು. ಅವ್ರ ಹತ್ರ ಅಭ್ಯಾಸ ಮಾಡ್ತಿದ್ದೆ. ಎಐ ಹತ್ರಾನೂ ಮಾಡಿದೀನಿ, ಅದು ಪ್ರಶ್ನೆ ಕೇಳ್ತಿತ್ತು. ಈಗ ನನ್ನ ಮಾತಲ್ಲಿ ಹೇಳ್ತೀನಿ' ಎಂದೆ. ಆಮೇಲೆ ಬಂಡಿಯನ್ನು ಮೊದಲು ಯಾಕೆ ನಿಲ್ಲಿಸಬೇಕು, ಜನರನ್ನು ಸುರಕ್ಷಿತವಾಗಿ ಹೇಗೆ ಇಳಿಸಿಕೊಳ್ಳಬೇಕು, ಯಾವ ಸೆನ್ಸರ್ ಕೆಟ್ಟಿದೆ ಎಂದು ಮೂರನೆಯ ಅಳತೆಯಿಂದ ಹೇಗೆ ಪತ್ತೆ ಹಚ್ಚಬೇಕು, ಎಲ್ಲ ಹೇಳಿದೆ. ದನಿ ನಡುಗುತ್ತಿತ್ತು, ಆದರೆ ನನ್ನದೇ ಆಗಿತ್ತು. ಶಿವಲೀಲಾ ಮೇಡಂ ತುಟಿಯ ಒಂದು ಮೂಲೆ ಮಾತ್ರ ಮೇಲೆ ಹೋಯಿತು.

ಆಮೇಲೆ ಕಂಪ್ಯೂಟರ್ ಪರೀಕ್ಷೆ. 'ಕೆಲವು ಸಂಜೆ ಬಂಡಿಗಳು ತಾವಾಗೇ ನಿಂತುಬಿಡ್ತವೆ. ಜನ ಬೈತಾರೆ. ಯಾಕೆ ಅಂತ ಹುಡುಕಿ' ಎಂದು ಮೇಡಂ ಹಳೆಯ ದಾಖಲೆಗಳನ್ನು ತೆರೆದು ಕೊಟ್ಟರು. ನಾನು ಎಐಯನ್ನು ಕೇಳಿದೆ. ಅದು ತಕ್ಷಣ ಉತ್ತರ ಕೊಟ್ಟಿತು. 'ಇದು ಹೇಳಿದ್ದನ್ನ ಓದ್ತೀನಿ' ಎಂದು ಮೊದಲೇ ತಿಳಿಸಿ ಓದಿದೆ. ಹಗ್ಗದ ಬಿಗಿತಕ್ಕೆ ಹಾಕಿರುವ ಮಿತಿ ತೀರಾ ಕಡಿಮೆ, ಸ್ವಲ್ಪ ಏರಿಸಿದರೆ ಬಂಡಿ ನಿಲ್ಲುವುದಿಲ್ಲ ಎಂದು ಸಂತೆ ಹೇಳಿತು. ಪ್ರೋಗ್ರಾಮಿನಲ್ಲಿ ಬದಲಿಸಬೇಕಾದ ಸಾಲನ್ನೂ ಚೊಕ್ಕವಾಗಿ ಬರೆದುಕೊಟ್ಟಿತ್ತು. ಯಾರಿಗಾದರೂ ಒಪ್ಪಿಗೆಯಾಗುವ ಹಾಗಿತ್ತು. ನನಗೂ ಆಗುತ್ತಿತ್ತು. ಆದರೆ ಸಂಜೆಯೇ ಯಾಕೆ ಎಂಬುದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡಿತು. ಕೇಳಿದೆ. ಬಿಸಿಲು ಇಳಿಯುವುದರಿಂದ ಇರಬಹುದು ಎಂದಿತು. ದಾಖಲೆ ನೋಡಿದರೆ ಮೋಡ ಕವಿದ ದಿನಗಳಲ್ಲೂ ನಿಂತಿತ್ತು. ಭಾನುವಾರ ಮಾತ್ರ ನಿಂತಿರಲಿಲ್ಲ. ಭಾನುವಾರ ಕೆಳಪೇಟೆಯ ಕಚೇರಿಗಳು, ಅಂಗಡಿಗಳು ಮುಚ್ಚಿರುತ್ತವೆ. ಮಿಕ್ಕ ದಿನ ಸಂಜೆ ಜನ ತುಂಬಿದ ಬಂಡಿಗಳು ಮೇಲೆ ಬರುತ್ತವೆ, ಖಾಲಿ ಬಂಡಿಗಳು ಕೆಳಗೆ ಹೋಗುತ್ತವೆ. ಒಂದು ಕಡೆ ಭಾರ, ಒಂದು ಕಡೆ ಹಗುರ. ಅದಕ್ಕೆ ಗಾಳಿಯೂ ಸೇರಿದರೆ ಹಗ್ಗ ಎಳೆಯುತ್ತದೆ. ಹೀಗಿದೆಯೇ ನೋಡು ಎಂದು ಎಐಗೆ ಹೇಳಿದೆ. ನಾನು ದಿನವಿಡೀ ಕೂತು ಮಾಡಬೇಕಿದ್ದ ಹೋಲಿಕೆಯನ್ನು ಅದು ಕ್ಷಣದಲ್ಲಿ ಮಾಡಿಕೊಟ್ಟಿತು. ಅಲ್ಲಲ್ಲಿ ಕೆಲವು ದಿನಗಳನ್ನು ಆರಿಸಿ ನಾನೇ ಲೆಕ್ಕ ಹಾಕಿ ನೋಡಿದೆ. ಸರಿಯಿತ್ತು.

'ಮೇಡಂ, ಪ್ರೋಗ್ರಾಂ ಕೆಟ್ಟಿಲ್ಲ. ನಿಲ್ಲಿಸ್ತಿರೋದು ಸರಿಯಾಗೇ ಇದೆ. ಮಿತಿ ಏರಿಸ್ಬಾರ್ದು. ಸಂಜೆ ಬಂಡಿಗೆ ಅರ್ಧ ಜನ ಹತ್ತಿಸಿ, ನಿಧಾನಕ್ಕೆ ಬಿಡ್ಬೇಕು. ಹಗ್ಗ ನಿಜವಾಗಿ ಎಷ್ಟು ತಡೆಯುತ್ತೆ ಅನ್ನೋದು ನಂಗೊತ್ತಿಲ್ಲ. ಅದನ್ನ ಪರೀಕ್ಷೆ ಮಾಡೋರನ್ನೇ ಕೇಳ್ಬೇಕು' ಎಂದೆ.

ನಾನು ಹೊರಬಂದ ಮೇಲೆ ಅನಿಕೇತ್ ಒಳಗೆ ಹೋದ. ಈ ಸಲ ಬಾಗಿಲು ತೆರೆದೇ ಇತ್ತು. ಆ ಸಾಧನವನ್ನು ಮೇಜಿನ ಮೇಲಿಟ್ಟು ನಡೆದದ್ದು ಹೇಳಿದ. ಮೇಡಂ, 'ಊರಿನ ವಿಷಯ ಗೊತ್ತಿಲ್ದೇ ಇರ್ಬಹುದು. ನಿಯಮ ಓದೋಕೆ ಬರುತ್ತಲ್ಲ?' ಎಂದರು. 'ಓದಿದ್ದೆ ಮೇಡಂ. ಭಯ ಆಯ್ತು' ಎಂದ. ಅವರು ಕೂರಿಸಿ ಮತ್ತೆ ಕೇಳಿದರು. ತೊದಲುತ್ತಲೇ ಒಂದೊಂದಕ್ಕೂ ಉತ್ತರಿಸಿದ. ಕೆಲವು ನನಗಿಂತ ಚೆನ್ನಾಗಿ ಉತ್ತರಿಸಿದ. ಅವನಿಗೆ ಹೋಗಬೇಡ ಎಂದದ್ದಕ್ಕೆ ಹೊರಗೆ ಕೂತು ನನ್ನನ್ನೇ ಬೈದುಕೊಂಡೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಮಾತ್ರ ಎಐ ಹೇಳಿದ ಹಾಗೆ ಮಿತಿ ಏರಿಸಿದ. ಅದನ್ನು ಹೇಳಿಯೇ ಮಾಡಿದ, ಮುಚ್ಚಿಡಲಿಲ್ಲ.

'ಆ ಬಂಡೀಲಿ ಸಂಜೆ ನೀವು ಕೂತ್ಕೊಂಡು ಕೆಳಗೆ ಹೋಗ್ತೀರಾ?' ಎಂದರು ಮೇಡಂ.

ಅನಿಕೇತ್ ತಾನು ಬದಲಿಸಿದ ಸಾಲನ್ನು ಮತ್ತೊಮ್ಮೆ ಓದಿದ. 'ಇಲ್ಲ ಮೇಡಂ' ಎಂದ.

ಕೆಲಸ ನನಗೆ ಸಿಕ್ಕಿತು. ಮುಂದಿನ ಸಲ ಜಾಗ ಖಾಲಿಯಾದಾಗ ಬರಬೇಕೆಂದು ಮೇಡಂ ಅವನಿಗೆ ತಾವೇ ಹೇಳಿ ಕಳಿಸಿದರು. ಅವನು ಅವತ್ತು ಮೆಟ್ಟಿಲಲ್ಲೇ ಇಳಿದು ಹೋದನೆಂದು ಬೋರಣ್ಣ ಹೇಳಿದ. ಆಚಾರ್ ಮಾತ್ರ ನನ್ನ ಮೇಲೆ ಮುಖ ಊದಿಸಿಕೊಂಡಿದ್ದರು. ನನ್ನ ಕೆಲಸ ಕಾಯಂ ಮಾಡಲು ಅವರ ಒಪ್ಪಿಗೆ ಬೇಕು ಎಂಬುದನ್ನು ಕಂಡಾಗಲೆಲ್ಲ ನೆನಪಿಸುತ್ತಿದ್ದರು.

ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಆಚಾರ್ ಅವರ ಅಣ್ಣನ ಮಗಳ ಮದುವೆ ಬಂತು. ಛತ್ರ ಕೆಳಪೇಟೆಯಲ್ಲಿ, ಹೆಣ್ಣಿನ ಕಡೆಯವರೆಲ್ಲ ಗುಡ್ಡದ ಮೇಲೆ. ಗೋಧೂಳಿ ಲಗ್ನ. ರೇಷ್ಮೆ ಸೀರೆಗಳು, ವಾಲಗದವರು, ಲಾಡಿನ ಬುಟ್ಟಿಗಳು, ಎಲ್ಲ ಒಟ್ಟಿಗೆ ನಿಲ್ದಾಣಕ್ಕೆ ಬಂದು ನಿಂತವು. ಭಾನುವಾರವಾದ್ದರಿಂದ ಕೆಳಗಿಂದ ಬರುವ ಬಂಡಿಗಳೆಲ್ಲ ಖಾಲಿ, ಗಾಳಿಯೂ ಜೋರಾಗಿತ್ತು. ನಾನು ಬಂಡಿಗೆ ಅರ್ಧ ಜನ ಮಾತ್ರ ಎಂದೆ, ಒಂದು ಬಂಡಿಗೂ ಇನ್ನೊಂದಕ್ಕೂ ನಡುವೆ ಅಂತರ ಬಿಟ್ಟೆ.

ಆಚಾರ್ ಕಂಟ್ರೋಲ್ ರೂಮಿಗೆ ನುಗ್ಗಿದರು. 'ಏನ್ರೀ ಇದು? ಹಿಂಗ್ ಬಿಟ್ರೆ ನಾಳೆ ಬೆಳಗ್ಗೆ ಮುಟ್ತೀವಿ. ಆ ಮಿತಿ ಒಂದ್ ಚೂರು ಏರ್ಸಿ. ಒಂದ್ ಸಂಜೆಗೆ ಏನಾಗುತ್ತೆ?'

'ಆಗಲ್ಲ ಸರ್.'

'ಯಾರು ಹೇಳಿದ್ದು ಆಗಲ್ಲ ಅಂತ? ಶಿವಲೀಲಾ ಮೇಡಮ್ಮಾ? ಆ ಎಐನಾ?'

'ನಾನೇ ಹೇಳ್ತಿರೋದು ಸರ್.'

ಬಾಗಿಲಲ್ಲಿ ಇಣುಕುತ್ತಿದ್ದ ನೆಂಟರೆಲ್ಲ ಕಿವಿಗೊಟ್ಟರು. ನಮ್ಮೂರಿನವರ ಅಭ್ಯಾಸ ಅದು. ಬೇರೆ ಯಾರ ದನಿಯೂ ಅದರಲ್ಲಿರಲಿಲ್ಲ. ಕಿಟಕಿಯಾಚೆ ಒಂದು ಖಾಲಿ ಬಂಡಿ ಗಾಳಿಗೆ ಓಲಾಡುತ್ತ ಮೇಲೆ ಬರುತ್ತಿತ್ತು. ಅದನ್ನು ಆಚಾರ್ ಕೂಡ ನೋಡಿದರು.

ದಾರಿ ತೋರಿಸಿದ್ದು ಮದುಮಗಳು. 'ಚಿಕ್ಕಪ್ಪಾ, ವಯಸ್ಸಾದೋರು ಬಂಡೀಲಿ ಬರ್ಲಿ. ನಾವು ನಡೀತೀವಿ' ಎಂದು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲ ಕಡೆ ಹೊರಟೇಬಿಟ್ಟಳು. ಅವಳ ಹಿಂದೆ ಗೆಳತಿಯರು, ಅವರ ಹಿಂದೆ ವಾಲಗದವರು ಊದುತ್ತ. ಮದುವೆಯ ದಿಬ್ಬಣ ಗುಡ್ಡದ ಮೆಟ್ಟಿಲುಗಳಲ್ಲಿ ಬಣ್ಣಬಣ್ಣವಾಗಿ ಇಳಿಯಿತು. ಪಕ್ಕದಲ್ಲೇ ಹಗ್ಗದ ಮೇಲೆ ಅಜ್ಜಿಯರು, ಲಾಡಿನ ಬುಟ್ಟಿಗಳು ನಿಧಾನವಾಗಿ ತೂಗುತ್ತ ಸಾಗಿದವು. ಕೊನೆಗೆ ಆಚಾರ್ ಚಪ್ಪಲಿ ಕೈಯಲ್ಲಿ ಹಿಡಿದು, ಪಂಚೆ ಎತ್ತಿ ಕಟ್ಟಿ, ಯಾರನ್ನೂ ನೋಡದೆ ಇಳಿದುಹೋದರು. ಮುಹೂರ್ತ ತಪ್ಪಲಿಲ್ಲ. ಊಟ ಮಾತ್ರ ಆರಿಹೋಗಿತ್ತಂತೆ.

ಮಾರನೆಯ ದಿನ ಅವರು ಕುಂಟುತ್ತ ಕಂಟ್ರೋಲ್ ರೂಮಿಗೆ ಬಂದು ನನ್ನ ಮೇಜಿನ ಮೇಲೆ ಲಾಡಿನ ಪೊಟ್ಟಣ ಇಟ್ಟರು. 'ಮದುಮಗಳು ಕಳಿಸಿದ್ದು' ಎಂದರು. ಒಂದು ಹೆಜ್ಜೆ ಹೋಗಿ ಮತ್ತೆ ತಿರುಗಿದರು. 'ಇನ್ನೊಂದು ಮಾತು ಹೇಳು ಅಂದ್ಲು. ಮಂಡಿ ಹಿಡ್ಕೊಂಡಿದೆ, ಆದ್ರೂ ಯಮುನಾ ಮಾಡಿದ್ದು ಸರಿ ಅಂತ.'

ಮದುಮಗಳ ಮಾತಾಗಿದ್ದರೆ ಅದು ಮದುಮಗಳ ದನಿಯಲ್ಲಿ ಬರಬೇಕಿತ್ತು. ಬಂದದ್ದು ಆಚಾರ್ ಅವರದೇ ಗೊಗ್ಗರು ದನಿಯಲ್ಲಿ. ಅವರಿಗೂ ಅದು ಕೇಳಿಸಿತು. ಬಾಗಿಲ ಕಡೆ, ಆ ಮಂಡಿಗಳಲ್ಲಿ ಎಷ್ಟು ಬೇಗ ಹೋಗಲು ಸಾಧ್ಯವೋ ಅಷ್ಟು ಬೇಗ ಹೋದರು.